ಕಂಡದ್ದು, ಕೇಳಿದ್ದು, ಅನಿಸಿದ್ದು

ಹೋದ ತಿಂಗಳು ನರ್ಸಿಂಗ್ ಕಾಲೇಜಿನ ಇಬ್ಬರು ಹುಡುಗಿಯರು ನನ್ನ ಮನೆ ಹುಡುಕಿಕೊಂಡು ಬಂದಿದ್ದರು. ಅವರ ಪುಸ್ತಕದಲ್ಲಿ ಒಂದು ಪಾಠವಿದೆಯಂತೆ: ಶುಶ್ರೂಷೆಯ ಜ್ಞಾನ ಹೇಗೆ ಹುಟ್ಟುತ್ತದೆ, ಅದನ್ನು ಸಿದ್ಧಾಂತವಾಗಿ ಕಟ್ಟಲು ಎಂಥ ಪರಿಕಲ್ಪನಾ ಚೌಕಟ್ಟು ಬೇಕು ಅಂತ. ತೆರೆದು ತೋರಿಸಿದರು. ಪುಟದ ತುಂಬ ಚೌಕಗಳು, ಚೌಕದಿಂದ ಚೌಕಕ್ಕೆ ಬಾಣಗಳು. "ನಿಮ್ಮ ಕಾಲದಾಗ ಇಂಥಾದ್ದು ಏನರ ಇತ್ತೇನ್ರಿ?" ಎಂದು ಒಬ್ಬಳು ಕೇಳಿದಳು.

ಮೂರು ಖಾನೆಯ ಒಂದು ಬುಕ್ಕು ಇತ್ತು ಎಂದು ಹೇಳಿದೆ. ಅದನ್ನು ಹೇಗೆ ತುಂಬುತ್ತಿದ್ದೆವು, ಅದರಿಂದ ಏನು ಕಲಿತೆವು ಎಂದೆಲ್ಲ ವಿವರಿಸಿದೆ. ಅವರು ಬರೆದುಕೊಂಡರು, ಚಹಾ ಕುಡಿದು ಹೋದರು. ಅವರು ಹೋದ ಮೇಲೆ ನನಗೆ ಗೊತ್ತಾಯಿತು, ನಾನು ಹೇಳಿದ್ದು ಅರ್ಧ ಮಾತ್ರ. ನನ್ನ ಮರ್ಯಾದೆ ಉಳಿಯುವ ಅರ್ಧ. ಈ ಕೆಲಸಕ್ಕೆ ಬರುವ ಹುಡುಗಿಯರಿಗೆ ಇನ್ನರ್ಧವೇ ಹೆಚ್ಚು ಬೇಕಾದೀತು ಎಂದು ಬರೆಯಲು ಕೂತಿದ್ದೇನೆ.

ನಾನು ಗಜೇಂದ್ರಗಡದ ನೇಕಾರರ ಮನೆಯ ಮಗಳು. ಹುಬ್ಬಳ್ಳಿಯಲ್ಲಿ ತರಬೇತಿ ಮುಗಿಸಿ, ರೋಣ–ನರಗುಂದದ ನಡುವಿನ ಒಂದು ಊರಿನ ಸರ್ಕಾರಿ ದವಾಖಾನೆಗೆ ಬಂದೆ. ಊರಿನ ಹೆಸರು ಬೇಕೆಂದೇ ಬಿಡುತ್ತೇನೆ. ಆಗಿನ್ನೂ ನಾವು ಮುಂಬಯಿ ಸರ್ಕಾರದವರು. ದವಾಖಾನೆ ಎಂದರೆ ಹನ್ನೆರಡು ಕಾಟು, ಒಬ್ಬ ಡಾಕ್ಟರು, ಇಬ್ಬರು ನರ್ಸುಗಳು, ಕಾಶವ್ವ ಎಂಬ ಆಯಾ.

ಊರಿನಲ್ಲಿ ನನಗೆ ಮನೆ ಸಿಗಲು ಒಂದು ತಿಂಗಳು ಹಿಡಿಯಿತು. ಮದುವೆಯಾಗದ ಹೆಣ್ಣು, ಗಂಡಸರ ಗಾಯ ತೊಳೆಯುವವಳು, ಎಲ್ಲ ಜಾತಿಯವರನ್ನು ಮುಟ್ಟುವವಳು. ಕೊನೆಗೆ ಮನೆ ಕೊಟ್ಟಾಕೆ ನಾನು ಬರುವ ಹೋಗುವ ಹೊತ್ತನ್ನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಬಾವಿಯ ಹತ್ತಿರ ಹೋದರೆ ಹೆಂಗಸರು ಕೊಡ ಸರಿಸಿಕೊಳ್ಳುತ್ತಿದ್ದರು. ಊರು ನನ್ನನ್ನು ನಂಬಲಿಲ್ಲ, ನಾನೂ ಊರನ್ನು ನಂಬಲಿಲ್ಲ. ಆ ವಯಸ್ಸಿನಲ್ಲಿ ಅದು ಅಭ್ಯಾಸವಾಗಿಬಿಟ್ಟರೆ ಮನುಷ್ಯ ಎಲ್ಲರ ಮುಖದಲ್ಲೂ ಏನೋ ಹುಡುಕಲು ಶುರುಮಾಡುತ್ತಾನೆ. ನನಗೂ ಹಾಗಾಯಿತು.

ದವಾಖಾನೆಯ ಹಿರಿಯ ನರ್ಸು ತಾರಾಬಾಯಿ. ಬೆಳಗಾವಿಯವರು, ವಯಸ್ಸು ನಲವತ್ತೈದರ ಮೇಲೆ, ಬಾಲವಿಧವೆ. ಮನೆಯಲ್ಲಿ ಮರಾಠಿ, ನಮ್ಮ ಜೊತೆ ಚೊಕ್ಕ ಕನ್ನಡ. ದನಿ ಎತ್ತರಿಸಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಏನು ಹೇಳಿದರೂ ಅವರದು ಒಂದೇ ಪ್ರಶ್ನೆ: "ನಿನಗ ಹ್ಯಾಂಗ ಗೊತ್ತಾತು?" ರೋಗಿ ನಿದ್ದೆ ಮಾಡಿದ ಎಂದರೆ, ಹ್ಯಾಂಗ ಗೊತ್ತಾತು. ನೋವು ಕಡಿಮೆ ಆಗಿದೆ ಎಂದರೆ, ಹ್ಯಾಂಗ ಗೊತ್ತಾತು. ಮೊದಲ ವಾರ ನನಗೆ ಅಳು ಬರುತ್ತಿತ್ತು. ಎರಡನೆಯ ವಾರ ಸಿಟ್ಟು ಬಂತು. ಮೂರನೆಯ ವಾರ ಒಂದು ತಪ್ಪು ಮಾಡಿ ಸಿಕ್ಕಿಬಿದ್ದೆ.

ದವಾಖಾನೆಗೆ ಇದ್ದದ್ದು ಒಂದೇ ಥರ್ಮಾಮೀಟರ್. ಬೆಳಗ್ಗೆ ಹನ್ನೆರಡು ಜನರ ಜ್ವರ ನೋಡಿ ಕಾಟಿಗೆ ತೂಗುಹಾಕಿದ ಕಾಗದದಲ್ಲಿ ಬರೆಯಬೇಕು. ಅವತ್ತು ಥರ್ಮಾಮೀಟರ್ ಇಟ್ಟ ಜಾಗದಲ್ಲಿ ಸಿಗಲಿಲ್ಲ. ಹುಡುಕುತ್ತ ಕೂತರೆ ಡಾಕ್ಟರು ಬರುವ ಹೊತ್ತಾಗುತ್ತದೆ. ಹಣೆ ಮುಟ್ಟಿ ನೋಡಿದೆ, ಹಿಂದಿನ ದಿನದ ಅಂಕಿ ನೋಡಿದೆ, ಒಂದು ಗೀಟು ಹೆಚ್ಚುಕಡಿಮೆ ಮಾಡಿ ಹನ್ನೆರಡೂ ಕಾಗದ ತುಂಬಿದೆ. ಅಕ್ಷರ ಚಂದ ಇದ್ದವು.

ತಾರಾಬಾಯಿ ಬಂದು ಒಂದೊಂದೇ ಕಾಗದ ನೋಡುತ್ತ ಹೋದರು. ಹನ್ನೆರಡೂ ಮುಗಿದ ಮೇಲೆ ಏಪ್ರನ್ನಿನ ಕಿಸೆಗೆ ಕೈಹಾಕಿ ಥರ್ಮಾಮೀಟರ್ ತೆಗೆದರು.

"ಇದು ನಿನ್ನೆ ಸಂಜೀಯಿಂದ ನನ್ನ ಕಿಸೇದಾಗ ಅದ. ನೀ ಯಾವುದರಲೆ ನೋಡಿದಿ, ಸರೋಜಾ?"

ನಾನು ಕಾಗದಗಳನ್ನು ಬಿಚ್ಚಿ ತರಲು ಹೊರಟೆ.

"ಬೇಕಂತ ಇಟ್ಕೊಂಡಿದ್ದಿಲ್ಲ. ಮರ್ತಿದ್ದೆ," ಎಂದರು. ಅದು ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಡಾಕ್ಟರಿಗೆ ಅವರು ಹೇಳಲಿಲ್ಲ. ಮರುದಿನ ಒಂದು ನೂರು ಹಾಳೆಯ ಬುಕ್ಕು ತಂದು, ಪ್ರತಿ ಹಾಳೆಗೂ ಎರಡು ಗೆರೆ ಎಳೆದು ಮೂರು ಖಾನೆ ಮಾಡಿದರು. ಮೊದಲನೆಯದಕ್ಕೆ 'ಕಂಡದ್ದು', ಎರಡನೆಯದಕ್ಕೆ 'ಕೇಳಿದ್ದು', ಮೂರನೆಯದಕ್ಕೆ 'ಅನಿಸಿದ್ದು' ಎಂದು ತಲೆಬರಹ.

"ನರ್ಸು ದಿನಕ್ಕ ನೂರು ಮಾತು ತಿಳಕೋತಾಳ," ಎಂದರು. "ಯಾವುದು ಎಲ್ಲಿಂದ ಬಂತು ಅಂತ ಬ್ಯಾರೆ ಮಾಡಲಿಕ್ಕೆ ಬರದಿದ್ರ ಆ ನೂರೂ ಕೂಡಿ ಒಂದು ಗಾಳಿಮಾತು. ಅನಿಸಿದ್ದು ಬರಿಬ್ಯಾಡ ಅನ್ನಂಗಿಲ್ಲ ನಾ. ಬರಿ. ಅದರ ಖಾನೇದಾಗ ಬರಿ."

ಈಗ ಆ ಮಾತು ಎಷ್ಟು ದೊಡ್ಡದು ಎಂದು ಗೊತ್ತಾಗುತ್ತದೆ. ಆಗ ನನಗೆ ಅನಿಸಿದ್ದು ಬೇರೆ. ಕಾಶವ್ವ ಕಸಬರಿಗೆ ಹಿಡಿದುಕೊಂಡು ನನ್ನ ಹತ್ತಿರ ಬಂದು, "ಹುಷಾರ್ ಇರ್ರಿ, ಬಾಯಾರ. ನಿಮ್ಮ ಕೈಲೇ ನಿಮ್ಮ ತಪ್ಪು ಬರಸ್ಕೊಂಡು ಮ್ಯಾಲಿನ ಸಾಹೇಬರಿಗೆ ಕಳಸ್ತಾರ," ಎಂದಳು. ನಾನು ನಂಬಿದೆ. ಆಮೇಲೆ ಆ ಬುಕ್ಕನ್ನು ನಾನು ನೋಡುತ್ತಿದ್ದದ್ದೇ ಪೊಲೀಸರು ಬರೆಸಿಕೊಳ್ಳುವ ಜಬಾಬು ನೋಡುವ ಹಾಗೆ. ತಾರಾಬಾಯಿ ಅದನ್ನು ಮನೆಗೆ ಒಯ್ದರೆ, ಯಾಕೆ ಒಯ್ದರು ಎಂದು ಯೋಚನೆ. ಪೆನ್ಸಿಲ್ಲಿನಿಂದ ಗೆರೆ ಎಳೆದಿದ್ದರೆ, ಈ ಗೆರೆ ಯಾಕೆ ಎಂದು ಯೋಚನೆ.

ಒಂದು ಸಲ ಮಾತ್ರ ಆ ಬುಕ್ಕು ಏನು ಮಾಡಬಲ್ಲದು ಎಂದು ಕಣ್ಣಾರೆ ನೋಡಿದೆ. ಹುಡುಗಿಯರಿಗೆ ಹೇಳಿದ್ದು ಇದನ್ನೇ. ಮುದ್ದತಿನ ಜ್ವರದ, ಅಂದರೆ ಟೈಫಾಯ್ಡಿನ, ಇಬ್ಬರು ರೈತರಿದ್ದರು, ಇಬ್ಬರೂ ತಿಂಗಳುಗಟ್ಟಲೆ ಮಲಗಿದವರು. ಗೋಡೆಯ ಕಡೆಯ ಕಾಟಿನವನಿಗೆ ಬೆನ್ನಿನ ಕೆಳಗೆ ಹುಣ್ಣಾಯಿತು. ಬಾಗಿಲ ಹತ್ತಿರದ ಕಾಟಿನ ಹೊಳೆಮಣ್ಣೂರಿನವನಿಗೆ ಆಗಲಿಲ್ಲ. ಗೋಡೆಯವನು ಹೆಚ್ಚು ನಿತ್ರಾಣ ಆಗಿದ್ದಾನೆ, ಅದಕ್ಕೇ ಹುಣ್ಣು ಎಂದರು ಡಾಕ್ಟರು. ತಾರಾಬಾಯಿ ಹದಿನೈದು ದಿನದ ಬುಕ್ಕು ತೆಗೆದು 'ಕಂಡದ್ದು' ಖಾನೆ ಮಾತ್ರ ಓದಿದರು. ಹೊಳೆಮಣ್ಣೂರಿನವನ ಸಾಲಿನಲ್ಲಿ ನಾನೇ ಬೇಸರದಿಂದ ಬರೆದಿದ್ದೆ: 'ರಸ್ತೆ ನೋಡಲು ಹೊರಳುತ್ತಾನೆ. ಚಕ್ಕಡಿ ಸಪ್ಪಳಕ್ಕೆ ಹೊರಳುತ್ತಾನೆ. ಹೊದಿಕೆ ನಿಲ್ಲುವುದಿಲ್ಲ.' ಗೋಡೆಯವನ ಸಾಲಿನಲ್ಲಿ: 'ಸುಮ್ಮನೆ ಮಲಗಿದ್ದಾನೆ. ತೊಂದರೆ ಇಲ್ಲ.'

ಅವರು ಇಬ್ಬರ ಕಾಟು ಅದಲು ಬದಲು ಮಾಡಿದರು. ಗೋಡೆಯವನಿಗೆ ರಸ್ತೆ ಸಿಕ್ಕಿತು. ಅವನು ಹೊರಳತೊಡಗಿದ, ಹುಣ್ಣು ಮಾಯತೊಡಗಿತು. ಐದನೆಯ ದಿನಕ್ಕೆ ಹೊಳೆಮಣ್ಣೂರಿನವನ ಬೆನ್ನು ಕೆಂಪಗಾಯಿತು. ಕೂಡಲೇ ಅವನನ್ನು ಮಗ್ಗುಲು ಬದಲಿಸುವ ಕೆಲಸ ನನಗೆ ಬಂತು. ಸುಮ್ಮನೆ ಮಲಗುವವರನ್ನೆಲ್ಲ ಹೊತ್ತುಹೊತ್ತಿಗೆ ಹೊರಳಿಸಬೇಕು ಎಂಬ ನಿಯಮ ನಮ್ಮ ದವಾಖಾನೆಗೆ ಬಂದದ್ದು ಹೀಗೆ. ದೊಡ್ಡ ಆಸ್ಪತ್ರೆಗಳಲ್ಲಿ ಅದು ಮೊದಲೇ ಗೊತ್ತಿತ್ತು, ನನಗೂ ಕಲಿಸಿದ್ದರು. ಕಲಿತದ್ದು ಬೇರೆ, ಕಂಡದ್ದು ಬೇರೆ. ಆದರೂ ತಾರಾಬಾಯಿಗೆ ಸಮಾಧಾನವಿಲ್ಲ. "ಇಬ್ಬರ ಮ್ಯಾಲೆ ಒಂದು ಸಲ ಆದದ್ದು. ಇನ್ನೂ ನೋಡೋಣ," ಎಂದರು. ತಮ್ಮ ಜಾಣತನವನ್ನೇ ಸಂಶಯದಿಂದ ನೋಡುವ ಮನುಷ್ಯರನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಇನ್ನು ಹುಡುಗಿಯರಿಗೆ ಹೇಳದೆ ಬಿಟ್ಟದ್ದು.

ಏಕೀಕರಣದ ವರ್ಷ, ಮಳೆಗಾಲ ಮುಗಿಯುವ ಹೊತ್ತು. ಜಕ್ಕಲಿಯಿಂದ ಒಂದು ಸವಾರಿ ಬಂಡಿಯಲ್ಲಿ ನೀಲವ್ವ ಎಂಬ ಇಪ್ಪತ್ತು ವರ್ಷದ ಹೆಣ್ಣುಮಗಳನ್ನು ಕರೆತಂದರು. ಮನೆಯಲ್ಲಿ ಹೆರಿಗೆಯಾಗಿ ಕೂಸು ಉಳಿದಿರಲಿಲ್ಲ. ಬಹಳ ರಕ್ತ ಹೋಗಿತ್ತು. ತುಟಿ, ಉಗುರು, ಕಣ್ಣೊಳಗಿನ ಕೆಂಪು ಎಲ್ಲವೂ ಅರಳೆಯ ಬಣ್ಣ. ಹೊಲಮನೆ ಇದ್ದ ಕುಟುಂಬ. ಗಂಡ ಶಿವಪ್ಪ ಮಾತು ಕಡಿಮೆಯವನು. ಜೊತೆಗೆ ಉಳಿದವಳು ಅತ್ತೆ ಬಸಲಿಂಗವ್ವ: ಎತ್ತರದ ಹೆಂಗಸು, ಮುಖದಲ್ಲಿ ನಗುವಿಲ್ಲ, ಯಾರನ್ನೂ ಏನೂ ಕೇಳುತ್ತಿರಲಿಲ್ಲ. ದವಾಖಾನೆಯ ಹಿಂದಿನ ಛಾವಣಿಯ ಕೆಳಗೆ ಒಲೆ ಹೂಡಿ ಸೊಸೆಗೆ ತಾನೇ ಗಂಜಿ ಕಾಸಿ ತರುತ್ತಿದ್ದಳು.

ಡಾಕ್ಟರು ರಕ್ತ ಕೂಡಲು ಕಬ್ಬಿಣದ ಗುಳಿಗೆ ಬರೆದುಕೊಟ್ಟರು, ಬೆಳಗ್ಗೆ ಒಂದು, ಸಂಜೆ ಒಂದು. ಅದೇ ವಾರ ತಾರಾಬಾಯಿಯ ಅಣ್ಣನಿಗೆ ಬೇನೆ ಎಂದು ಬೆಳಗಾವಿಯಿಂದ ಕಾಗದ ಬಂತು. ಹನ್ನೆರಡು ದಿನ ರಜೆ ಹಾಕಿ ಹೋದರು. ಬುಕ್ಕು ನನ್ನ ಕೈಗೆ ಬಂತು.

ಅವರು ಹೋದ ಮೂರನೆಯ ದಿನದಿಂದ ನೀಲವ್ವನಿಗೆ ವಾಂತಿ ಶುರುವಾಯಿತು. ಗಂಜಿ ಕುಡಿದ ಸ್ವಲ್ಪ ಹೊತ್ತಿಗೆ ಎಲ್ಲ ಹೊರಗೆ. ಬೆಳಗ್ಗೆಯೂ, ಸಂಜೆಯೂ. ಕಾಶವ್ವ ಬೆಡ್‌ಪ್ಯಾನ್ ಹಿಡಿದು ನನ್ನನ್ನು ಹೊರಗೆ ಕರೆದಳು. ಮಲ ಕಪ್ಪಗೆ ಡಾಂಬರಿನ ಹಾಗಿತ್ತು.

"ಆ ಮನ್ಯಾಗ ಮದಲಿನ ಸೊಸೀನೂ ಹಿಂಗ ವಾಂತಿ ಮಾಡ್ಕೋತ ಹೋದ್ಲಂತ್ರಿ," ಎಂದಳು.

"ಯಾರು ಹೇಳಿದ್ರು?"

"ಊರಾಗೆಲ್ಲ ಅಂತಾರ. ಕೂಸು ಹ್ವಾದ ಸೊಸೀನ ಇಟ್ಕೊಂಡು ಅಕಿಗೇನ್ ಆಗಬೇಕಾಗೈತಿ? ಇನ್ನೊಂದು ತರ್ತಾರ."

ಅಂದು ಸಂಜೆ ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಬಸಲಿಂಗವ್ವ ಗಂಜಿಯ ಬಟ್ಟಲು ಕೆಳಗಿಟ್ಟು, ಆಚೀಚೆ ನೋಡಿ, ಸೆರಗಿನ ಗಂಟು ಬಿಚ್ಚಿ ಒಂದು ಚಿಟಿಕೆ ಪುಡಿ ತೆಗೆದು ಗಂಜಿಗೆ ಹಾಕಿ ಬೆರಳಿಂದ ಕಲಸಿದಳು. ನೀಲವ್ವ ನಾಲ್ಕು ಗುಟುಕು ಕುಡಿದಳು. ಆಮೇಲೆ ವಾಂತಿ.

ಬುಕ್ಕು ತೆಗೆದು 'ಕಂಡದ್ದು' ಖಾನೆಯಲ್ಲಿ ಬರೆದೆ: 'ಅತ್ತೆ ಗಂಜಿಯಲ್ಲಿ ವಿಷದ ಪುಡಿ ಹಾಕಿದ್ದು. ಪ್ರತಿ ಸಲ ಅದನ್ನು ಕುಡಿದ ಮೇಲೆ ವಾಂತಿ. ಮಲ ಕಪ್ಪು, ವಿಷದ ಲಕ್ಷಣ. ಮೊದಲಿನ ಸೊಸೆಯೂ ಹೀಗೇ ಸತ್ತದ್ದು.'

ಈಗ ಆ ಸಾಲುಗಳನ್ನು ನೆನೆದರೆ, ಒಂದೇ ಸಾಲಿನಲ್ಲಿ ಮೂರು ಖಾನೆ ಕಲಸಿದ್ದೆ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಪುಡಿ ಹಾಕಿದ್ದು ಕಂಡದ್ದು. ವಿಷ ಎಂದದ್ದು ಅನಿಸಿದ್ದು. ಸತ್ತ ಸೊಸೆ ಕೇಳಿದ್ದು. ಆದರೆ ಅವತ್ತು ನಾನು ಸುಳ್ಳು ಬರೆಯುತ್ತಿದ್ದೇನೆ ಎಂದು ನನಗೆ ಒಂದು ಕ್ಷಣವೂ ಅನಿಸಲಿಲ್ಲ. ಥರ್ಮಾಮೀಟರಿನ ದಿನ ಸುಳ್ಳು ಎಂದು ಗೊತ್ತಿದ್ದೇ ಬರೆದಿದ್ದೆ. ಇದನ್ನು ಖರೇ ಎಂದು ತಿಳಿದು ಬರೆದೆ. ಎರಡರಲ್ಲಿ ಯಾವುದು ಕೆಟ್ಟದ್ದು ಎಂದು ಕೇಳಿದರೆ ಎರಡನೆಯದು ಎನ್ನುತ್ತೇನೆ.

ಮರುದಿನ ಬೆಳಗ್ಗೆ ಡಾಕ್ಟರ್ ಸಾಹೇಬರು ಓದಿದರು. "ನೀವು ಸ್ವತಃ ನೋಡಿದ್ರೇನು?" ಎಂದು ಕೇಳಿದರು.

"ನೋಡೇನ್ರಿ," ಎಂದೆ.

ಮಧ್ಯಾಹ್ನಕ್ಕೆ ಪೊಲೀಸ್ ಫೌಜದಾರರು ಬಂದರು. ಸೆರಗಿನ ಗಂಟು ಬಿಚ್ಚಿಸಿ ಪುಡಿಯನ್ನು ಕಾಗದದಲ್ಲಿ ಕಟ್ಟಿ ಅರಗಿನ ಮುದ್ರೆ ಹಾಕಿದರು. ಪಂಚನಾಮೆ ಆಯಿತು. ಪೊಟ್ಟಣ ಪರೀಕ್ಷೆಗೆ ಪುಣೆಗೆ ಹೋಗಬೇಕು ಎಂದರು. ಬಸಲಿಂಗವ್ವ, "ಅದು ಅಜವಾನದ ಪುಡಿ," ಎಂದು ಒಂದೇ ಸಲ ಹೇಳಿದಳು. ಓಮಿನ ಕಾಳನ್ನು ನಮ್ಮ ಕಡೆ ಹಾಗೆನ್ನುತ್ತಾರೆ. ಯಾರೂ ಉತ್ತರ ಕೊಡದಿದ್ದಾಗ ಎರಡನೆಯ ಸಲ ಹೇಳಲಿಲ್ಲ. ಅವಳು ಹಾಗೆ ಸುಮ್ಮನಾದದ್ದೇ ನನಗೆ ಇನ್ನೊಂದು ಸಾಕ್ಷಿಯಾಯಿತು. ಮಗ ಶಿವಪ್ಪ ಅವಳ ಎದುರು ನಿಂತು, ನೆಲ ನೋಡುತ್ತ, "ಅವ್ವಾ, ಏನರ ಇದ್ರ ಈಗ ಹೇಳಿಬಿಡು," ಎಂದ. ಆಕೆ ಮಗನ ಮುಖವನ್ನು ನೋಡಿದ ರೀತಿಯನ್ನು ನಾನು ಯಾವ ಖಾನೆಯಲ್ಲೂ ಬರೆಯಲಿಲ್ಲ.

ಅವಳನ್ನು ಒಳಗೆ ಬಿಡಬಾರದೆಂದು ಡಾಕ್ಟರ ಹುಕುಂ ಆಯಿತು. ಊರಿಗೆ ಹೋಗಲಿಲ್ಲ ಆಕೆ. ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ಕೂತಳು. ಹಾದುಹೋಗುವವರು ನಿಂತು ನೋಡಿ ಹೋಗುತ್ತಿದ್ದರು. ಸಂತೆಯ ದಿನ ಬಂದಾಗ ಸುದ್ದಿ ಸುತ್ತಿನ ಊರಿಗೆಲ್ಲ ಹೋಯಿತು. ನನಗೆ ಮಾತ್ರ ಊರಿನ ಬಾಗಿಲು ತೆರೆಯಿತು. ಬಾವಿಯ ಹತ್ತಿರ ಹೆಂಗಸರು ಜಾಗ ಬಿಟ್ಟುಕೊಟ್ಟು, "ಭಾಳ ಚಲೋ ಕೆಲಸಾ ಮಾಡಿದ್ರಿ, ಬಾಯಾರ," ಎಂದರು. ಮನೆಯಾಕೆ ಹೋಳಿಗೆ ಕಳಿಸಿದಳು. ಆ ದಿನಗಳಲ್ಲಿ ನನಗೆ ಎಷ್ಟು ಸುಖವಾಗಿತ್ತು ಎಂದು ಬರೆಯಲು ಇವತ್ತು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು.

ಆದರೆ ಅತ್ತೆಯನ್ನು ಹೊರಗೆ ಹಾಕಿದ ಮರುದಿನ ಬೆಳಗ್ಗೆಯೇ ನೀಲವ್ವ ಮತ್ತೆ ವಾಂತಿ ಮಾಡಿಕೊಂಡಿದ್ದಳು. ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಬರೀ ಹಳದಿ ಪಿತ್ತ. ಅತ್ತೆ ಗೇಟಿನ ಹೊರಗೆ ಇದ್ದಳು.

ನಾನು ಬುಕ್ಕು ತೆಗೆದೆ, ಪೆನ್ನು ಹಿಡಿದೆ. ಹಳೆಯ ವಿಷ ಇನ್ನೂ ಹೊಟ್ಟೆಯಲ್ಲಿ ಉಳಿದಿರಬೇಕು ಎಂದುಕೊಂಡೆ. ಬುಕ್ಕು ಮುಚ್ಚಿದೆ. ಸಂಜೆ ಮತ್ತೆ ಆಯಿತು. ಆಗಲೂ ಬರೆಯಲಿಲ್ಲ. ಕಾಶವ್ವನಿಗೆ ನೆಲ ಒರೆಸು ಎಂದೆ, ಅಷ್ಟೆ. ನೀಲವ್ವ ಊಟ ಬಿಟ್ಟಳು. ದವಾಖಾನೆಯ ಹಾಲು, ಬ್ರೆಡ್ಡು ಹಾಗೇ ಉಳಿಯುತ್ತಿತ್ತು. ಕಾಶವ್ವ ಹೋಗಿ, "ನಿಮ್ಮತ್ತಿ ನಿನಗ ವಿಷಾ ಹಾಕತಿದ್ಲು," ಎಂದು ಅವಳಿಗೆ ಹೇಳಿಬಿಟ್ಟಿದ್ದಳು. ಅವಳು ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಮಲಗಿದವಳು ಮಾತೇ ಆಡಲಿಲ್ಲ.

ತಾರಾಬಾಯಿ ಹೇಳಿದ್ದಕ್ಕಿಂತ ನಾಲ್ಕು ದಿನ ಮೊದಲೇ ಬಂದರು. ಅಣ್ಣ ತೀರಿಕೊಂಡಿದ್ದರು. ಬಂದವರು ಗೇಟಿನ ಹತ್ತಿರ ಟಾಂಗಾದಿಂದ ಇಳಿದು, ಗಿಡದ ಕೆಳಗೆ ಕೂತವಳನ್ನು ನೋಡಿ ಒಳಗೆ ಬಂದರು. ಕೈಕಾಲು ತೊಳೆದು ಬುಕ್ಕು ಕೇಳಿದರು. ಓದಿದರು. ಮತ್ತೆ ಓದಿದರು.

"ಅತ್ತಿ ಹೊರಗ ಹೋದ ಮ್ಯಾಲೆ ವಾಂತಿ ನಿಂತಾವೇನು?"

ಈ ಪ್ರಶ್ನೆ ಬರುತ್ತದೆ ಎಂದು ನನಗೆ ಗೊತ್ತಿತ್ತು. "ನಿಂತಾವ್ರಿ," ಎಂದೆ.

ಅವರು ನನ್ನನ್ನು ನೋಡಲಿಲ್ಲ. ಎದ್ದು ನೀಲವ್ವನ ಕಾಟಿನ ಹತ್ತಿರ ಹೋಗಿ, ಬಗ್ಗಿ, ದಿಂಬಿನ ಅಂಚನ್ನು ಮೂಸಿ ನೋಡಿದರು. ಕಾಟಿನ ಕೆಳಗಿನ ಬೋಗುಣಿ ಎಳೆದು ನೋಡಿದರು; ತಳದಲ್ಲಿ ಹಳದಿ ಪಿತ್ತ ಅಂಟಿತ್ತು. ಆಮೇಲೆ ಬುಕ್ಕು ನನ್ನ ಮುಂದೆ ತೆರೆದು ಹಿಡಿದರು.

"ಅಕಿ ವಿಷಾ ಹಾಕಿದ್ಲು ಅಂತ ನೀ ಬರದದ್ದು ತಪ್ಪು. ಆ ತಪ್ಪು ನಾನೂ ಮಾಡಬಹುದಿತ್ತು. ಈ ಮೂರು ದಿನ ಖಾಲಿ ಬಿಟ್ಟೀಯಲ್ಲ, ಇದಕ್ಕ ಏನನ್ನಬೇಕು?"

ನನಗೆ ಅಳು ಬಂತು. ಅವರು ಅಳುವುದಕ್ಕೆ ಹೊತ್ತು ಕೊಡಲಿಲ್ಲ.

"ಮಲ ಕರೀ ಅದ ಅಂತ ಬರದೀ. ಎದುರಿನ ಕಾಟಿನಾಕಿಗೂ ಅದ ಗುಳಿಗಿ ನಡದದ. ಅಕಿದು ಯಾವ ಬಣ್ಣ ಅದ?"

ಕಪ್ಪು. ಕಬ್ಬಿಣದ ಗುಳಿಗೆ ತಿನ್ನುವ ಎಲ್ಲರದ್ದೂ ಕಪ್ಪು. ಇದು ತರಬೇತಿಯ ಮೊದಲ ವರ್ಷದ ಪಾಠ, ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಎದುರು ಕಾಟಿನ ಬೆಡ್‌ಪ್ಯಾನು ದಿನಾ ಕಣ್ಣ ಮುಂದೆ ಹಾದುಹೋಗುತ್ತಿತ್ತು. ಅತ್ತೆಯ ಮುಖ ನೋಡುತ್ತಿದ್ದವಳಿಗೆ ಅದು ಕಾಣಲಿಲ್ಲ.

"ಮದಲಿನ ಸೊಸಿ ಸತ್ಲು ಅಂತ ಯಾರು ಹೇಳಿದ್ರು?"

ಕಾಶವ್ವನನ್ನು ಕರೆದು ಕೇಳಿದರು. ಅವಳಿಗೆ ಹಾಲಿನವಳು ಹೇಳಿದ್ದಳು. ಹಾಲಿನವಳನ್ನು ಕೇಳಿದರೆ, ಆಕೆ ಹೇಳಿದ್ದು ಜಕ್ಕಲಿಯದೇ ಬೇರೊಂದು ಮನೆಯ ಮಾತು, ಅದೂ ಕಾಲರಾದಲ್ಲಿ ಸತ್ತ ಹೆಣ್ಣುಮಗಳ ಮಾತು. ಶಿವಪ್ಪನಿಗೆ ಮೊದಲಿನ ಹೆಂಡತಿಯೇ ಇರಲಿಲ್ಲ.

"ಈ ಮೂರೂ ಖಾನೇದಾಗ ಇಲ್ಲದ್ದು ಒಂದು ಅದ," ಎಂದರು ತಾರಾಬಾಯಿ. "ನೀಲವ್ವ ಏನಂತಾಳ? ಅಕೀನ್ನ ಯಾರರ ಕೇಳಿದ್ರೇನು?"

ಯಾರೂ ಕೇಳಿರಲಿಲ್ಲ. ಡಾಕ್ಟರು, ಫೌಜದಾರರು, ಗಂಡ, ನಾನು. ಎಂಟು ದಿನ ಆ ಕಾಟಿನ ಸುತ್ತ ನಿಂತು ಅವಳ ಬಗ್ಗೆ ಮಾತಾಡಿದ್ದೆವು.

ತಾರಾಬಾಯಿ ಕಾಟಿನ ಅಂಚಿಗೆ ಕೂತು ಅವಳ ಕೈ ಹಿಡಿದರು. "ವಾಂತಿ ಬರೂಕಿಂತ ಮದಲ ಹೊಟ್ಟ್ಯಾಗ ಏನ ಆಗತದವ್ವಾ?"

ನೀಲವ್ವ ಗೋಡೆಯ ಕಡೆಯಿಂದ ಮುಖ ಹೊರಳಿಸಿದಳು. "ಆ ಗುಳಿಗಿ ನುಂಗಿದ ಕೂಡಲೆ ಹೊಟ್ಟಿ ತೊಳಸತೈತ್ರಿ. ಅತ್ತಿ ಅಜವಾನ ಹಾಕಿ ಗಂಜಿ ಕೊಟ್ರ ಒಂದೀಟು ತಡೀತಿತ್ತು. ಈಗ ಅದೂ ಇಲ್ಲ." ಆಮೇಲೆ, "ಅಕಿ ನಮ್ಮಪ್ಪನ ಅಕ್ಕ ಅದಾಳ್ರಿ. ನಮ್ಮವ್ವ ಸತ್ತ ಮ್ಯಾಲೆ ನನ್ನ ಸಾಕಿದಾಕಿ. ಅಕೀನ್ನ ಯಾಕ ಹೊರಗ ಕುಂಡ್ರಿಸೀರಿ?" ಎಂದಳು.

ಡಾಕ್ಟರ ಚೀಟಿಯಲ್ಲಿ 'ಊಟವಾದ ಮೇಲೆ' ಎಂದು ಬರೆದಿತ್ತು. ನಾನು ಗುಳಿಗೆಯನ್ನು ಬೆಳಗ್ಗೆ ಆರಕ್ಕೆ ಎಲ್ಲರಿಗೂ ಒಂದೇ ಸುತ್ತಿನಲ್ಲಿ ಹಂಚಿ ಮುಗಿಸುತ್ತಿದ್ದೆ, ಬರಿಹೊಟ್ಟೆಯಲ್ಲಿ, ಒಂದು ಗುಟುಕು ನೀರಿನಲ್ಲಿ. ನನಗೆ ಅನುಕೂಲವಾಗಿತ್ತು. ಸಂಜೆಯೂ ಹಾಗೇ, ಗಂಜಿ ಬರುವ ಮೊದಲು. ಎದುರಿನ ಕಾಟಿನವಳು ಯಾಕೆ ವಾಂತಿ ಮಾಡಿಕೊಳ್ಳಲಿಲ್ಲ ಎಂದು ತಾರಾಬಾಯಿ ಹೋಗಿ ಕೇಳಿದರು. ಆಕೆ ನಗುತ್ತ, ನಾನು ಕೊಟ್ಟ ಗುಳಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದು ರೊಟ್ಟಿ ತಿಂದ ಮೇಲೆ ನುಂಗುತ್ತಿದ್ದೆ ಎಂದಳು. ಅವಳು ಕೂಡಲೇ ನುಂಗಿದಳು ಎಂದು ನಾನು ದಿನಾ 'ಕಂಡದ್ದು' ಖಾನೆಯಲ್ಲಿ ಬರೆದಿದ್ದೆ.

ಅತ್ತೆಯನ್ನು ಕೂಡಲೇ ಒಳಗೆ ಕರೆಯೋಣ ಎಂದೆ. ತಾರಾಬಾಯಿ ಬೇಡ ಎಂದರು. ಅದು ನನಗೆ ಕಠಿಣ ಅನಿಸಿತು. "ಇವತ್ತ ಅಕೀನ್ನೂ ಕರದು ಗುಳಿಗೀ ಹೊತ್ತೂ ಬದಲಿಸಿದ್ರ, ನಾಳೆ ವಾಂತಿ ನಿಂತ್ರ ಯಾವುದರಿಂದ ನಿಂತು ಅಂತ ಹ್ಯಾಂಗ ಹೇಳ್ತಿ? ಫೌಜದಾರರಿಗೆ ಏನು ತೋರಸ್ತಿ?" ಎಂದರು. ಗೇಟಿಗೆ ಹೋಗಿ ಬಸಲಿಂಗವ್ವನ ಹತ್ತಿರ ಕೂತು, ಇನ್ನೆರಡು ದಿನ ಯಾಕೆ ಕಾಯಬೇಕು ಎಂದು ಅವರೇ ತಿಳಿಸಿ ಹೇಳಿದರು. ಆಕೆ ಎಲ್ಲ ಕೇಳಿ, "ಕಾಯ್ತೇನಿ. ಪಕ್ಕಾ ಆಗ್ಲಿ," ಎಂದಳಂತೆ.

ಅವತ್ತಿನಿಂದ ತಾರಾಬಾಯಿಯೇ ಚಮಚದಿಂದ ಸ್ವಲ್ಪ ಗಂಜಿ ಕುಡಿಸಿ, ಆಮೇಲೆ ಗುಳಿಗೆ ಕೊಟ್ಟರು. ಸಂಜೆ ವಾಂತಿ ಇಲ್ಲ. ಮರುದಿನ ಇಲ್ಲ. ಅದರ ಮರುದಿನವೂ ಇಲ್ಲ. ಡಾಕ್ಟರಿಗೆ ಬುಕ್ಕು ತೋರಿಸಿದರು. ಅವರು ಓದಿ, ಕನ್ನಡಕ ತೆಗೆದು ಒರೆಸಿಕೊಂಡು, "ಕರೀರಿ ಆ ಹೆಂಗಸನ್ನ," ಎಂದರು. ಬಸಲಿಂಗವ್ವ ಒಳಗೆ ಬಂದಳು. ಯಾರ ಮುಖವನ್ನೂ ನೋಡದೆ ಸೊಸೆಯ ಹತ್ತಿರ ಕೂತು ಅವಳ ಜಡೆ ಬಿಚ್ಚಿ ಹಣಿಗೆ ಆಡಿಸತೊಡಗಿದಳು. ಆವತ್ತು ನೀಲವ್ವ ಒಂದು ಪೂರ್ತಿ ಬಟ್ಟಲು ಉಂಡಳು.

ಫೌಜದಾರರು ಪ್ರಕರಣ ಕೈಬಿಡಲು ಪುಣೆಯ ಕಾಗದ ಬರಬೇಕು ಎಂದರು. ಅಷ್ಟರಲ್ಲಿ ನವೆಂಬರ್ ಬಂತು, ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಕಚೇರಿಗಳು ಬದಲಾದವು, ಮೊಹರುಗಳು ಬದಲಾದವು. ಪುಣೆಯಿಂದ ಕಾಗದ ಯಾವತ್ತೂ ಬರಲಿಲ್ಲ. ಬಸಲಿಂಗವ್ವನ ಮೇಲೆ ಖಟ್ಲೆ ನಡೆಯಲಿಲ್ಲ. ಆಕೆ ನಿರ್ದೋಷಿ ಎಂದು ಯಾರೂ ಬರೆದುಕೊಡಲೂ ಇಲ್ಲ.

ತಾರಾಬಾಯಿ ಬುಕ್ಕಿಗೆ ನಾಲ್ಕನೆಯ ಖಾನೆ ಎಳೆದರು, 'ರೋಗಿ ಹೇಳಿದ್ದು', ಅದನ್ನು ಎಲ್ಲಕ್ಕಿಂತ ಎಡಗಡೆಗೆ ಇಟ್ಟರು. ನನ್ನ ವಿಷಯ ಮೇಲಕ್ಕೆ ಬರೆದರೋ ಇಲ್ಲವೋ ಗೊತ್ತಿಲ್ಲ. ಕೆಲಸ ಹೋಗುತ್ತದೆ ಎಂದು ಕಾದೆ, ಹೋಗಲಿಲ್ಲ. ನೀಲವ್ವ ಮನೆಗೆ ಹೋದ ಮೇಲೆ ಒಂದು ದಿನ ನಾನೇ, "ಜಕ್ಕಲಿಗೆ ಹೋಗಿ ಬರ್ತೇನ್ರಿ," ಎಂದೆ. "ಹೋಗು ಅಂತ ನಾ ಹೇಳೂದಿಲ್ಲ. ಬ್ಯಾಡ ಅಂತನೂ ಹೇಳೂದಿಲ್ಲ," ಎಂದರು.

ಬಸ್ಸಿಳಿದು ನಡೆದು ಹೋದೆ. ಸುಗ್ಗಿಗೆ ಮೊದಲಿನ ದಿನಗಳು, ಜೋಳ ಆಳೆತ್ತರ ನಿಂತಿತ್ತು. ಬಸಲಿಂಗವ್ವ ಕಟ್ಟೆಯ ಮೇಲೆ ಹತ್ತಿ ಬಿಡಿಸುತ್ತಿದ್ದಳು. ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಅವರೆಲ್ಲ ಕೇಳಬೇಕೆಂದೇ ನಾನು ಗಟ್ಟಿಯಾಗಿ ಹೇಳಿದೆ: ಗುಳಿಗೆ ತಪ್ಪು ಹೊತ್ತಿಗೆ ಕೊಟ್ಟದ್ದು ನಾನು, ವಾಂತಿ ಅದರಿಂದ ಆದದ್ದು, ಇವರು ಹಾಕಿದ್ದು ಅಜವಾನ, ಸುಳ್ಳು ಬರೆದವಳು ನಾನು.

ಬಸಲಿಂಗವ್ವ ಹತ್ತಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ನೀ ಬಂದು ಹೇಳಿದ್ದಕ್ಕ ಇವರು ಈಗ ಏನಂತಾರ ಗೊತ್ತೈತೇನ? ನಮ್ಮ ಮನೀ ಜ್ವಾಳದ ಚೀಲ ನರ್ಸಬಾಯಿ ಮನಿಗೆ ಹ್ವಾದುವು ಅಂತಾರ," ಎಂದಳು. ಬಾಗಿಲಲ್ಲಿ ನಿಂತವರ ಮುಖ ನೋಡಿದೆ. ಆಕೆ ಹೇಳಿದ್ದು ಸುಳ್ಳಾಗಿರಲಿಲ್ಲ.

ಆಕೆ ಒಳಗೆ ಹೋಗಿ ಒಂದು ತಂಬಿಗೆ ಮಜ್ಜಿಗೆ, ಎರಡು ಬಟ್ಟಲು ತಂದಳು. ಒಂದಕ್ಕೆ ಬಗ್ಗಿಸಿ ನನ್ನ ಮುಂದಿಟ್ಟಳು. ನಾನು ಕೈ ಚಾಚಿದೆ, ಕೈ ಒಂದು ಗಳಿಗೆ ಅಲ್ಲೇ ನಿಂತಿತು. ಯಾಕೆ ನಿಂತಿತೋ ಗೊತ್ತಿಲ್ಲ. ನಿಂತದ್ದು ಖರೇ. ಆಕೆ ಅದನ್ನು ನೋಡಿದಳು. ಅದೇ ತಂಬಿಗೆಯಿಂದ ತನ್ನ ಬಟ್ಟಲಿಗೆ ಬಗ್ಗಿಸಿಕೊಂಡು ಪೂರ್ತಿ ಕುಡಿದು, ಬಾಯಿ ಒರೆಸಿಕೊಂಡು, "ಕುಡಿ, ತಂಗಿ," ಎಂದಳು. ನಾನು ಕುಡಿದೆ. ಅದಕ್ಕಿಂತ ದೊಡ್ಡ ಶಿಕ್ಷೆ ನನಗೆ ಸರ್ಕಾರ ಕೊಡಲು ಸಾಧ್ಯವಿರಲಿಲ್ಲ.

ಹೊರಟಾಗ ಆಕೆ ಕಟ್ಟೆಯ ಅಂಚಿಗೆ ಬಂದಳು. "ಗುಳಿಗಿ ಇನ್ನಾ ನಡದಾವ. ಉಂಡ ಮ್ಯಾಲೆ ಎಷ್ಟು ಹೊತ್ತಿಗೆ ಕೊಡಬೇಕು?"

ಹೇಳಿದೆ. ಇನ್ನೊಮ್ಮೆ ಹೇಳು ಎಂದಳು. ಇನ್ನೊಮ್ಮೆ ಹೇಳಿದೆ.

"ನೀ ಹೇಳಿದ್ದನ್ನ ಆ ದೊಡ್ಡ ಬಾಯಾರ್‍ನೂ ಒಂದು ಮಾತು ಕೇಳ್ತೇನಿ. ಬ್ಯಾಸರಾ ಮಾಡ್ಕೋಬ್ಯಾಡ."

"ಕೇಳ್ರಿ," ಎಂದೆ.

ಮರುದಿನ ಬೆಳಗ್ಗೆ ಡಾಕ್ಟರು ಬರುವ ಮೊದಲೇ ಬಸಲಿಂಗವ್ವ ದವಾಖಾನೆಯ ಗೇಟು ದಾಟಿ ಒಳಗೆ ಬಂದಳು. ವರಾಂಡದಲ್ಲಿ ಕೂತ ಜನ ಗುರುತು ಹಿಡಿದು ಪಿಸುಗುಟ್ಟಿದರು. ಆಕೆ ಅವರ ನಡುವೆ ನೆಟ್ಟಗೆ ನಡೆದು, ನನ್ನನ್ನು ದಾಟಿ, ತಾರಾಬಾಯಿಯ ಮೇಜಿನ ಮುಂದೆ ಹೋಗಿ ನಿಂತು ಗುಳಿಗೆಯ ಹೊತ್ತು ಕೇಳಿದಳು.